ಸಣ್ಣ ರಂಗದಲ್ಲಿ ಅತ್ತೆಯ ಮನೆ

ಜಮಖಂಡಿಯ ರಂಗಮಂದಿರದ ಕಾರ್ಯದರ್ಶಿ ನನಗೆಂದು ಮೊದಲ ಸಲ ಆ ಕೋಣೆಯ ಬೀಗ ತೆಗೆದಾಗ ಒಳಗಿನಿಂದ ಬಾಡಿದ ಹೂವಿನ ವಾಸನೆ ಬಂತು. ನಾಟಕವಿಲ್ಲದ ದಿನಗಳಲ್ಲಿ ದೊಡ್ಡ ಸಭಾಂಗಣವನ್ನು ಮದುವೆಗೆ ಬಾಡಿಗೆ ಕೊಡುತ್ತಿದ್ದರು. ಮದುವೆ ಮುಗಿದ ಮೇಲೆ ಮದುಮಕ್ಕಳ ಸಿಂಹಾಸನ, ಸೋಫಾ, ಥರ್ಮಾಕೋಲಿನ ಕಮಾನು ಎಲ್ಲವನ್ನೂ ಈ ಕೋಣೆಗೆ ನೂಕಿ ಬೀಗ ಹಾಕುತ್ತಿದ್ದರು. ಬಾಗಿಲ ಮೇಲೆ 'ಸಣ್ಣ ರಂಗ' ಎಂದು ಬಣ್ಣದಲ್ಲಿ ಬರೆದಿತ್ತು. ಊರಿನವರ ಬಾಯಲ್ಲಿ ಅದು ಸಾಮಾನಿನ ಕೋಣೆ.

"ಇದ ನೋಡ್ರಿ ಅಕ್ಕಾರ, ನಿಮಗ ಕೊಟ್ಟಿದ್ದು. ದೊಡ್ಡ ರಂಗ ಹೆಣ್ಮಕ್ಕಳ ನಾಟಕಕ್ಕ ಭಾಳ ದೊಡ್ಡದಾಕ್ಕೈತಿ ಅಂತ ಅಧ್ಯಕ್ಷರು ಹೇಳ್ಯಾರ" ಎಂದರು ಕಾರ್ಯದರ್ಶಿ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರು ಕೆಟ್ಟವರಲ್ಲ. ರಂಗಮಂದಿರ ಸಮಿತಿಯ ಅಧ್ಯಕ್ಷರ ಎದುರು ನಿಂತು ಮಾತಾಡಿ ರೂಢಿಯಿರಲಿಲ್ಲ, ಅಷ್ಟೆ.

ನಾನು ಆಗ ಅದೇ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಬೀಳಗಿ ಕಡೆಯ ನಮ್ಮ ಹಳ್ಳಿ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಕೆಲವು ವರ್ಷವಾಗಿತ್ತು. ನಮ್ಮ ಮಂದಿ ಪುನರ್ವಸತಿ ಕೇಂದ್ರದ ನೆಟ್ಟಗಿನ ಓಣಿಗಳಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡಿದ್ದರು. ಮುಳುಗಡೆಯ ಬಗ್ಗೆ ಎಲ್ಲಿ ಸಭೆಯಾದರೂ ಗಂಡಸರು ವೇದಿಕೆಯ ಮೇಲೆ, ಹೆಂಗಸರು ಕೆಳಗೆ. ಆ ಭಾಷಣಗಳಲ್ಲಿ ನಮ್ಮ ಅವ್ವಂದಿರು ಯಾವಾಗ ನೋಡಿದರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇರುತ್ತಿದ್ದರು. ನನಗದು ಸಾಕಾಗಿತ್ತು. ನಾವು ಹೆಂಗಸರೇ ಸೇರಿ ನಮ್ಮ ಮನೆಗಳ ಕತೆಯನ್ನು ಆಡಿ ತೋರಿಸೋಣ ಎಂದು ಹೊರಟೆ. ಹೊರಟವಳಿಗೆ ಸಿಕ್ಕಿದ್ದು ಈ ಕೋಣೆ.

ಸೋಫಾಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದೆ. ನಾಲ್ಕೂ ಗೋಡೆಗೆ ಕಪ್ಪು ಬಣ್ಣ. ಎಲ್ಲೂ ಕಟ್ಟೆಯಿಲ್ಲ, ಪರದೆಯಿಲ್ಲ. ತಲೆಯೆತ್ತಿ ನೋಡಿದರೆ ಛತ್ತಿನ ಕೆಳಗೆ ಕಬ್ಬಿಣದ ಪೈಪುಗಳು ಉದ್ದಕ್ಕೂ ಅಡ್ಡಕ್ಕೂ ಹಾದುಹೋಗಿದ್ದವು. ದೀಪವನ್ನು ಎಲ್ಲಿ ಬೇಕಾದರೂ ನೇತುಹಾಕಬಹುದಿತ್ತು. ಒಂದು ಮೂಲೆಯಲ್ಲಿ ಮಂಚದಂಥ ಮರದ ಹಲಗೆಗಳನ್ನು ಒಟ್ಟಿದ್ದರು. ಮೆಲ್ಲಗೆ ಒಂದು ಮಾತಾಡಿ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿ "ಏನಂದ್ರಿ?" ಎನ್ನಲಿಲ್ಲ. ಅವರಿಗೆ ಕೇಳಿಸಿತ್ತು.

"ಇದನ್ನ ಕಟ್ಟಿದ ಇಂಜಿನಿಯರ್ ಪುಣೇ ಕಡೆಯವ. ರಂಗ ಎಲ್ಲಿ ಬೇಕಲ್ಲಿ ಮಾಡಿಕೋರಿ, ಮಂದೀನ ಎಲ್ಲಿ ಬೇಕಲ್ಲಿ ಕುಂದರಸ್ರಿ ಅಂದಿದ್ನಂತ" ಎಂದು ಅವರು ನಕ್ಕರು. "ನಮಗ ತಿಳೀಲಿಲ್ಲ ನೋಡ್ರಿ. ರಂಗ ಒಂದ ಕಡೆ, ಮಂದಿ ಒಂದ ಕಡೆ ಇರಬೇಕಲ್ರಿ?"

"ಯಾಕಿರಬೇಕ್ರಿ?" ಎಂದೆ.

ಅವರು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಹೋದರು. ಅವಮಾನ ಮಾಡಲೆಂದೇ ಕೊಟ್ಟ ಜಾಗ ಅದು ಎಂದು ನನಗೆ ಗೊತ್ತಿತ್ತು. ಆದರೂ ಅವತ್ತು ಸಂಜೆಯೇ ಸೋಫಾಗಳನ್ನೆಲ್ಲ ಹೊರಗಿನ ಓಣಿಗೆ ಎಳೆದು ಹಾಕಿಸಿದೆ.

ಮರುವಾರ ನಾಟಕಕ್ಕೆಂದು ಅತ್ತೆ ಬಂದಳು. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ನಮ್ಮದು ಬೀರೇಶ್ವರನ ಒಕ್ಕಲು, ಕುರಿ ಮತ್ತು ಹೊಲ ಎರಡನ್ನೂ ನಂಬಿದ ಮನೆತನ. ನಮ್ಮ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ನಾಟಕ ಆಡುತ್ತಿದ್ದರು. ಗಂಡಸರು ರಾಜ, ಸೇನಾಪತಿ ಆಗುತ್ತಿದ್ದರು, ಹೆಣ್ಣು ಪಾತ್ರಕ್ಕೆ ದೂರದಿಂದ ನಟಿಯರನ್ನು ಕರೆಸುತ್ತಿದ್ದರು. ಊರ ಹೆಂಗಸರು ನಾಟಕದವರಿಗೆ ಅಡುಗೆ ಮಾಡಿಹಾಕಬೇಕು. ಅತ್ತೆ ಹಾಗೆ ಎಷ್ಟೋ ವರ್ಷ ಮಾಡಿದ್ದಳು. ಬೀಳಗಿಯ ಬಸ್ಸಿನಿಂದ ಇಳಿದು ಬಂದವಳು ಖಾಲಿ ಕೋಣೆಯ ನಡುವೆ ನಿಂತು ಸುತ್ತ ತಿರುಗಿ ನೋಡಿದಳು.

"ತಂಗಿ, ನಮ್ಮ ಹಳೇ ಮನಿ ಇದರಾಗ ಹಿಡೀತೈತಿ."

"ಹೆಂಗ ಅತ್ತಿ?"

"ಖಡು ಐತೇನ ನಿನ್ನ ಚೀಲದಾಗ?"

ಮಾಸ್ತರಿಕೆಯ ಚೀಲದಲ್ಲಿ ಖಡುವಿಗೆ, ಅಂದರೆ ಸೀಮೆಸುಣ್ಣಕ್ಕೆ, ಕೊರತೆಯಿರಲಿಲ್ಲ. ಅವಳು ಸೆರಗು ಸಿಕ್ಕಿಸಿ ಬಗ್ಗಿ ನೆಲದ ಮೇಲೆ ಗೆರೆ ಎಳೆಯತೊಡಗಿದಳು. ತಲಬಾಗಿಲು, ದನ ಕಟ್ಟುವ ಜಾಗ, ಅದರಾಚೆ ಪಡಸಾಲೆ, ಒಳಗೆ ಅಡಿಗೆಮನೆ, ಮೂಲೆಯಲ್ಲಿ ದೇವರ ಜಗಲಿ, ಹಿತ್ತಲ ಬಾಗಿಲು. ನಾನು ಬೇಸಿಗೆ ರಜೆಯಲ್ಲಿ ಓಡಾಡಿದ ಅತ್ತೆಯ ಮನೆ ನನ್ನ ಕಾಲಡಿಯಲ್ಲಿ ತನ್ನ ನಿಜವಾದ ಅಳತೆಯಲ್ಲೇ ಮೂಡಿತು. ದೊಡ್ಡ ರಂಗದ ಮೇಲಾಗಿದ್ದರೆ ಪರದೆಯ ಮೇಲೆ ಮನೆಯ ಚಿತ್ರ ಬರೆಸಬೇಕಿತ್ತು, ಜನ ದೂರದಿಂದ ನೋಡಬೇಕಿತ್ತು. ಇಲ್ಲಿ ಮಂದಿಯನ್ನೇ ಮನೆಯೊಳಗೆ ಕೂಡಿಸಬಹುದು. ಪಡಸಾಲೆಯಲ್ಲಿ ಕೆಲವರು, ದನದ ಜಾಗದಲ್ಲಿ ಕೆಲವರು, ಹಿತ್ತಲಲ್ಲಿ ಕೆಲವರು. ನಾವು ಅವರ ನಡುವೆಯೇ ಓಡಾಡಬೇಕು.

ತಾಲೀಮು ಶುರುವಾಯಿತು. ಬನಹಟ್ಟಿಯಿಂದ ಬರುತ್ತಿದ್ದ ನೇಕಾರರ ಮನೆಯ ಒಬ್ಬ ಗೆಳತಿಯದು ವಿಪರೀತ ದೊಡ್ಡ ಗಂಟಲು. ಹುಟ್ಟಿದಾಗಿನಿಂದ ಪವರ್‌ಲೂಮಿನ ಸಪ್ಪಳದ ಮೇಲೆ ಕೂಗಿ ಮಾತಾಡಿದವಳು. "ಇಲ್ಲಿ ಸಣ್ಣಗ ಮಾತಾಡಿದ್ರೂ ಕೇಳಸ್ತೈತಿ ಬೇ" ಎಂದು ಹೇಳಿ ಹೇಳಿ ನನಗೇ ಗಂಟಲು ಕಟ್ಟಿತು. ಒಂದು ದಿನ ಅವಳು ಬೇಸತ್ತು, ತನ್ನ ಮಾತನ್ನು ಪಿಸುಗುಟ್ಟಿದಳು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದೆವು. ಅವಳೂ ಬೆಚ್ಚಿದಳು. "ಅಯ್ಯ ಶಿವನ! ನನ್ನ ದನಿ ಹಿಂಗೈತೇನ?" ಎಂದಳು.

ಕೊನೆಯ ದೃಶ್ಯದ್ದೇ ತಕರಾರು. ಮನೆ ಬಿಡುವಾಗ ಅತ್ತೆ ಹೊಸ್ತಿಲ ಮೇಲೆ ಬಿದ್ದು ಅಳುತ್ತಾಳೆ ಎಂದು ನಾನು ಬರೆದಿದ್ದೆ.

"ನಾ ಅಳೂದಿಲ್ಲ" ಎಂದಳು ಅತ್ತೆ.

"ಮಂದಿಗಿ ತಿಳೀಬೇಕಲ್ಲ ಅತ್ತಿ, ನಿಮಗೆಷ್ಟು ಸಂಕಟ ಆಗಿತ್ತಂತ."

"ಅಳದಿದ್ರ ಸಂಕಟ ಇಲ್ಲಂತೇನ? ಅವತ್ತು ನಂಗ ಸಿಟ್ಟ ಬಂದಿತ್ತು. ಹೊಸಾ ಮನಿಗಿ ಬೇಕಂತ ಗಂಡಸರು ಮ್ಯಾಲ ಏರಿ ಜಂತಿ ಕೀಳಾಕತ್ತಿದ್ರು, ಕೆಳಗ ನಾ ರೊಟ್ಟಿ ಬಡ್ಯಾಕತ್ತಿದ್ನಿ. ಹಿಟ್ಟಿನಾಗ ಮಣ್ಣ ಬೀಳಾಕತ್ತು. ಇಳೀರಿ ಎಲ್ಲಾರು, ರೊಟ್ಟಿ ಆಗೂತನ ಒಬ್ರೂ ಜಂತಿ ಮುಟ್ಟಬ್ಯಾಡ್ರಿ ಅಂದ್ನಿ. ಇಳದ್ರು. ಬುಟ್ಟಿ ತುಂಬ ರೊಟ್ಟಿ ಬಡದು, ಎಲ್ಲಾರಿಗೂ ಉಣ್ಣಾಕ ಹಾಕಿ, ಆಮ್ಯಾಲ ಒಲಿ ಆರಿಸಿದ್ನಿ. ಇದನ್ನ ಮಾಡಿ ತೋರಸ್ತೀನಿ. ಅಳೂದು ಬೇಕಂದ್ರ ಬ್ಯಾರೆಯವ್ರನ್ನ ಕರಕೊಂಬಾ."

ಅಳುವಿನ ದೃಶ್ಯ ಹೋಯಿತು. ಛತ್ತಿನ ಪೈಪಿಗೆ ಒಂದೇ ದೀಪ ಕಟ್ಟಿ, ಹಳೆಯ ಮಣ್ಣಿನ ಮನೆಗಳ ಬೆಳಕಿಂಡಿಯಿಂದ ಬಿಸಿಲು ಬೀಳುವಂತೆ ಅಡಿಗೆಮನೆಯ ಮೇಲೆ ಬೀಳಿಸಿದೆವು. ಅದರ ಕೆಳಗೆ ಕೂತು ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಆ ಸಣ್ಣ ಕೋಣೆಯಲ್ಲಿ ಅವಳ ಅಂಗೈ ಸಪ್ಪಳ ಎದೆಗೇ ಬಡಿದಂತೆ ಕೇಳುತ್ತಿತ್ತು.

ಆಟದ ಹಿಂದಿನ ದಿನ ಕಾರ್ಯದರ್ಶಿ ಓಡೋಡಿ ಬಂದರು.

"ಅಧ್ಯಕ್ಷರು ನಾಳೆ ಬರ್ತಾರಂತ. ಸೋಫಾ ಎಲ್ಲಿ ಹಾಕ್ತೀರಿ?"

"ಮನಿಯಾಗ ಸೋಫಾ ಇರಲಿಲ್ರಿ."

"ಹಂಗಂದ್ರ ಹೆಂಗ್ರಿ ಅಕ್ಕಾರ? ಅವ್ರು ಯಾವಾಗ್ಲೂ ಮೊದಲನೇ ಸಾಲಿನಾಗ ಕುಂದರವ್ರು."

"ಇಲ್ಲಿ ಮೊದಲನೇ ಸಾಲು ಇಲ್ರಿ. ಜಮಖಾನಿ ಹಾಸೇವಿ. ಪಡಸಾಲ್ಯಾಗ ಎಲ್ಲಿ ಬೇಕಲ್ಲಿ ಕುಂದರ್ಲಿ."

ಆದರೂ ಮರುದಿನ ಬೆಳಿಗ್ಗೆ ಯಾರೋ ಒಂದು ಸೋಫಾವನ್ನು ತಂದು ನಮ್ಮ ಪಡಸಾಲೆಯ ನಡುವೆ ಇಟ್ಟಿದ್ದರು. ಬನಹಟ್ಟಿಯ ಗೆಳತಿ ಒಂದು ತುದಿ ಹಿಡಿದಳು, ನಾನೊಂದು ತುದಿ. ಎತ್ತಿ ಹೊರಗಿಟ್ಟೆವು.

ಜನ ನಾವೆಣಿಸಿದ್ದಕ್ಕಿಂತ ಹೆಚ್ಚು ಬಂದರು. ಲೋಕಾಪುರ, ಮುಧೋಳದ ಕಡೆಯಿಂದಲೂ ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಖಡುವಿನ ಗೆರೆಯನ್ನು ತುಳಿಯದೆ, ತಲಬಾಗಿಲಿನಿಂದಲೇ ಒಳಗೆ ಬಂದು ಕೂತರು. ಅತ್ತೆ ಆಗಲೇ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತ ಕೂತಿದ್ದಳು. ನಾಟಕ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಅಧ್ಯಕ್ಷರು ತಮ್ಮ ಹೆಂಡತಿ ಮತ್ತು ಕೆಲವು ಹಿಂಬಾಲಕರೊಂದಿಗೆ ಬಂದರು. ಕಾಲಲ್ಲಿ ಬೂಟು. ಎದ್ದು ನಿಲ್ಲುವವರು ಯಾರೂ ಇರಲಿಲ್ಲ. ಅವರು ಸುತ್ತ ನೋಡಿ, ಸೋಫಾ ಕಾಣದೆ, ದೇವರ ಜಗಲಿಯ ಗೆರೆಯನ್ನು ತುಳಿದುಕೊಂಡೇ ನೇರವಾಗಿ ಪಡಸಾಲೆಗೆ ನಡೆದರು.

ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಇದು ನಾನು ಬರೆದಿದ್ದಲ್ಲ, ತಾಲೀಮಿನಲ್ಲಿ ಮಾಡಿದ್ದಲ್ಲ.

"ಸಾವಕಾರ್ರ, ದೇವರ ಮುಂದ ಬೂಟ ಹಾಕ್ಕೊಂಡ ನಿಂತೀರಿ. ನೀರ ಬರೂತನ ಇದು ನನ್ನ ಮನಿ. ಹೊರಗ ಬಿಟ್ಟ ಬರ್ರಿ."

ಅಧ್ಯಕ್ಷರಿಗೆ ಇದು ನಾಟಕವೋ ಅಲ್ಲವೋ ತಿಳಿಯಲಿಲ್ಲ. ಮುಖ ಕೆಂಪಗಾಯಿತು. ನನ್ನ ಕಡೆ ನೋಡಿದರು. ನಾನು ಕೈ ಮುಗಿಯಲಿಲ್ಲ. ಅವರು ತಿರುಗಿ ಬಿರಬಿರನೆ ಹೊರಗೆ ನಡೆದರು. ಹಿಂಬಾಲಕರೂ ಹೋದರು. ಅವರ ಹೆಂಡತಿ ಮಾತ್ರ ಬಾಗಿಲ ತನಕ ಹೋಗಿ ನಿಂತರು. ಇಳಕಲ್ ಸೀರೆಯ ಹಿರಿಯ ಹೆಂಗಸು. ಚಪ್ಪಲಿ ಕಳಚಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮತ್ತೆ ತಲಬಾಗಿಲಿನಿಂದ ಒಳಗೆ ಬಂದು ದನ ಕಟ್ಟುವ ಜಾಗದಲ್ಲಿ ಹೆಂಗಸರ ನಡುವೆ ಕೂತರು. ಅತ್ತೆ ಅವರಿಗೊಮ್ಮೆ ತಲೆಯಾಡಿಸಿ ಅಡಿಗೆಮನೆಗೆ ಹೋದಳು. ನಾಟಕ ಮುಂದುವರಿಯಿತು. ಕೊನೆಗೆ ಎಲ್ಲರಿಗೂ ಒಂದೊಂದು ರೊಟ್ಟಿಯ ತುಂಡು ಕೊಟ್ಟಾಗ ಆ ತಾಯಿ ಕೈಯೊಡ್ಡಿ ಇಸಿದುಕೊಂಡರು.

ಮರುವಾರ ಸಣ್ಣ ರಂಗಕ್ಕೆ ಹೊಸ ಬೀಗ ಬಿತ್ತು. ದುರಸ್ತಿಯಿದೆ ಎಂದು ಹಲಗೆ ತೂಗುಹಾಕಿದರು. ಅತ್ತೆಯನ್ನೂ ನನ್ನನ್ನೂ ಸಮಿತಿಯ ಮುಂದೆ ಕರೆದರು. ದೊಡ್ಡ ರಂಗದ ಮೇಲೆ ಮೇಜು ಹಾಕಿ ಅವರೆಲ್ಲ ಸಾಲಾಗಿ ಕೂತಿದ್ದರು, ನಾವು ಕೆಳಗೆ ನಿಂತಿದ್ದೆವು. ಒಬ್ಬರು, ಸುಮ್ಮನೆ ಒಂದು ಮಾತು ತಪ್ಪಾಯಿತು ಅಂದುಬಿಟ್ಟರೆ ಕೋಣೆ ಮತ್ತೆ ಸಿಗುತ್ತದೆ ಎಂದರು. ನಾನು ಹೇಳುವುದಿಲ್ಲ ಎಂದೆ.

ಅತ್ತೆ ಮುಂದೆ ಬಂದಳು. "ಸಾವಕಾರ್ರ, ಇದ ರಂಗದ ಮ್ಯಾಲ ನೀವು ರಾಜನ ವೇಷ ಹಾಕಿ ಎಷ್ಟ ಮಂದಿ ತಲಿ ಹೊಡದೀರಿ. ಅವ್ರ ಮನಿಗಿ ಹೋಗಿ ತಪ್ಪಾತು ಅಂದೀರೇನ್ರಿ? ನಾಟಕದಾಗಿನ ಮಾತಿಗಿ ನಾ ಯಾಕನ್ಲಿ? ಖರೆ ಮಾತು ಅಂತೀರಿ, ಹಂಗಾರ ಅದು ಖರೆನ ನನ್ನ ಮನಿ. ಆಗೂ ಯಾಕನ್ಲಿ?"

ಮೇಜಿನ ತುದಿಯಲ್ಲಿ ಕೂತಿದ್ದ ಕಾರ್ಯದರ್ಶಿ ನಗು ತಡೆಯಲಾರದೆ ಕರವಸ್ತ್ರ ಬಾಯಿಗಿಟ್ಟುಕೊಂಡರು. ಕೋಣೆ ಸಿಗಲಿಲ್ಲ. ಶಾಲೆಯಲ್ಲೂ ನನ್ನನ್ನು ಕರೆದು, ಮಾಸ್ತರಿಕೆ ಮಾಡುವವರಿಗೆ ಇದೆಲ್ಲ ಬೇಕಾ ಎಂದು ಕೇಳಿದರು. ಬೇಕು ಎಂದೆ.

ಬೀಗ ಹಾಕಿದ್ದು ಒಂದು ಕೋಣೆಗೆ. ನಮ್ಮ ಮನೆಗೆ ಖಡು ಮತ್ತು ಒಂದಿಷ್ಟು ನೆಲ ಸಾಕಿತ್ತು. ರಬಕವಿಯಲ್ಲಿ ಮಗ್ಗ ತೆಗೆದಿಟ್ಟ ಶೆಡ್ಡಿನಲ್ಲಿ ಗೆರೆ ಎಳೆದೆವು. ಸಮೀರವಾಡಿಯಲ್ಲಿ ಕಬ್ಬು ಕಡಿಯುವವರ ಬಿಡಾರದ ಮುಂದಿನ ಬಯಲಲ್ಲಿ ಎಳೆದೆವು. ಪುನರ್ವಸತಿ ಕೇಂದ್ರದ ಸಮುದಾಯ ಭವನದಲ್ಲಿ ಎಳೆದಾಗ ಮುದುಕಿಯರು ಎದ್ದು ಬಂದು, ತಮ್ಮ ಮನೆಯ ಗೆರೆಯನ್ನೂ ಪಕ್ಕದಲ್ಲಿ ಎಳೆಯಿರಿ ಎಂದು ಹಟ ಹಿಡಿದರು. ಅವತ್ತು ನಾಟಕ ಶುರುವಾಗಲೇ ಇಲ್ಲ, ಮುಳುಗಿದ ಓಣಿಯೇ ಖಡುವಿನಲ್ಲಿ ಎದ್ದು ನಿಂತಿತು. ಅಧ್ಯಕ್ಷರ ಹೆಂಡತಿ ರಬಕವಿಗೂ ಬಂದಿದ್ದರು. ಯಾರ ಜೊತೆ ಬಂದರು, ಮನೆಯಲ್ಲಿ ಏನು ಹೇಳಿ ಬಂದರು ಎಂದು ನಾವು ಕೇಳಲಿಲ್ಲ.

ಸಮಿತಿ ಬದಲಾದ ಮೇಲೆ ಕಾರ್ಯದರ್ಶಿ ತಾವೇ ನಮ್ಮ ಶಾಲೆಗೆ ಬಂದು, ದುರಸ್ತಿ ಮುಗಿಯಿತು ಎಂದರು. ದುರಸ್ತಿ ಏನೂ ಆಗಿರಲಿಲ್ಲ. ಕಪ್ಪು ಬಣ್ಣ ಅಲ್ಲಲ್ಲಿ ಎದ್ದು ಬಂದಿತ್ತು. ಈಗಲೂ ಹಾಗೇ ಇದೆ. ಆದರೆ ಸೋಫಾಗಳು ಮತ್ತೆ ಒಳಗೆ ಹೋಗಿಲ್ಲ. ನನ್ನ ವಿದ್ಯಾರ್ಥಿನಿಯರು ಅಲ್ಲಿ ಒಮ್ಮೆ ಬಸ್ ಸ್ಟ್ಯಾಂಡ್ ಮಾಡುತ್ತಾರೆ, ಒಮ್ಮೆ ಪರೀಕ್ಷೆಯ ಕೋಣೆ ಮಾಡುತ್ತಾರೆ, ನೋಡಲು ಬಂದವರನ್ನು ತಮಗೆ ಬೇಕಾದಲ್ಲಿ ಕೂಡಿಸುತ್ತಾರೆ.

ಅತ್ತೆಗೆ ಮೊಣಕಾಲು ಬಗ್ಗದಾದಾಗ ಅವಳ ಪಾತ್ರ ಬನಹಟ್ಟಿಯ ಗೆಳತಿಗೆ ಹೋಯಿತು. ಸಣ್ಣ ರಂಗದಲ್ಲಿ ಅವಳ ಮೊದಲ ಆಟಕ್ಕೆ ಅತ್ತೆಯನ್ನು ಕರೆತಂದು ಪಡಸಾಲೆಯಲ್ಲಿ ಕೂಡಿಸಿದೆ. ನಾಟಕ ಅರ್ಧಕ್ಕೆ ಬಂದಿತ್ತು. ಅತ್ತೆಗೆ ತಡೆಯಲಾಗಲಿಲ್ಲ.

"ಅಡಗಿಮನಿ ಇಷ್ಟ ಸಣ್ಣದಿರಲಿಲ್ಲ ಬೇ! ಯಾರ ಎಳದಾರ ಈ ಗೆರಿ?" ಎಂದು ಕೂಗಿದಳು.

ಗೆಳತಿ ಹಿಟ್ಟಿನಿಂದ ಕೈ ತೆಗೆಯಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ. "ಯಕ್ಕಾ, ಈಗ ಇಲ್ಲಿ ರೊಟ್ಟಿ ಬಡ್ಯಾಕಿ ನಾ. ಸುಮ್ಮ ಕುಂದರ್ರಿ."

ಅತ್ತೆ ನನ್ನ ತೊಡೆಗೆ ಜೋರಾಗಿ ಒಂದು ಏಟು ಹಾಕಿ ಬಾಯಿ ತುಂಬ ನಕ್ಕಳು. "ಆಕಿ ಛಲೋ ಮಾಡ್ತಾಳ ಬಿಡು" ಎಂದಳು.