ಸೆಲ್ವಮ್ಮನಿಗೆ ಹಾಕಿದ ಹಾರ

ಕರಿಬಟ್ಟೆ ಹೊದ್ದು, ಕ್ಯಾಮೆರಾದ ಮಬ್ಬುಗಾಜಿನ ಮೇಲೆ ಭದ್ರಾವತಿಯ ಓಲ್ಡ್ ಟೌನನ್ನು ತಲೆಕೆಳಗಾಗಿ ನೋಡುತ್ತಿದ್ದೆ. ಯಾರೋ ಹಿಂದಿನಿಂದ ಬಟ್ಟೆ ಎತ್ತಿ ತಮ್ಮ ತಲೆಯನ್ನೂ ಒಳಗೆ ತೂರಿಸಿದರು.

"ಏನ್ ಕಾಣ್ತದೆ ಮಾರಾಯ್ರೆ? ಸ್ವಲ್ಪ ಸರೀರಿ, ನಾನೂ ನೋಡ್ತೀನಿ."

ನಮ್ಮ ಧಾರವಾಡದಲ್ಲಿ ಅಪರಿಚಿತರು ಮೊದಲು ಕೆಮ್ಮುತ್ತಾರೆ, ಆಮೇಲೆ ಮಾತನಾಡಿಸುತ್ತಾರೆ. 'ಮಾರಾಯ' ಎಂಬುದು ಇಲ್ಲಿ ಸಲಿಗೆ, ಬೇಸರ, ಅಕ್ಕರೆ ಮೂರಕ್ಕೂ ಸಲ್ಲುವ ಮಾತೆಂದು ತಿಳಿಯಲು ನನಗೆ ಕೆಲವು ತಿಂಗಳು ಬೇಕಾಯಿತು. ಹಾಗೆ ತಲೆ ತೂರಿಸಿದ ನಾಗರಾಜಪ್ಪನವರೇ ಈ ಸೀಮೆಯಲ್ಲಿ ನನಗೆ ದೊರೆತ ಮೊದಲ ಗೆಳೆಯರು.

ಶಾಸನಗಳ ಕಾಲನಿರ್ಣಯದಲ್ಲೇ ವೃತ್ತಿಜೀವನ ಕಳೆದ ನಾನು, ಮಗಳ ವರ್ಗಾವಣೆಯ ನಿಮಿತ್ತ ಧಾರವಾಡದ ಮನೆ ಮಾರಿ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದೆ. ಜೋಳದ ರೊಟ್ಟಿಯ ನಾಲಗೆ ಅಕ್ಕಿರೊಟ್ಟಿಗೆ ಬೇಗ ಒಗ್ಗಿತು. ಮಾತಿಲ್ಲದ ಸಂಜೆಗಳಿಗೆ ಒಗ್ಗಲಿಲ್ಲ. ಆಗ ನಾಗರಾಜಪ್ಪ ಓಲ್ಡ್ ಟೌನಿನ ತಮ್ಮ ಮನೆಯ ಮುಂಗೋಣೆ ಬಿಟ್ಟುಕೊಟ್ಟರು. ಬಂದವರನ್ನೆಲ್ಲ ಪ್ರತಿ ಭಾನುವಾರ ಅಲ್ಲಿ ಕೂರಿಸಿ, ಮರದ ದೊಡ್ಡ ಕ್ಯಾಮೆರಾದಲ್ಲಿ ಭಾವಚಿತ್ರ ತೆಗೆಯತೊಡಗಿದೆ. ನೆಗೆಟಿವ್ ಇಡುವ ಲಕೋಟೆಯ ಮೇಲೆ ಹೆಸರು, ದಿನಾಂಕ ಬರೆದು, ದಿನಚರಿಯೊಡನೆ ತಾಳೆ ನೋಡದೆ ನಾನು ಮಲಗಿದವನಲ್ಲ.

"ಹಿಂದಿನ ಕಾಲದ ಹೆಂಗಸ್ರು ಹೆಂಗೆ ಕೂತ್ಕೊಳ್ತಿದ್ರು?" ಎಂದು ನಾಗರಾಜಪ್ಪ ಕೇಳುತ್ತಿದ್ದರು. ನನ್ನ ವಿದ್ಯಾರ್ಥಿಗಳೂ ಅಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ. ಕುಪ್ಪಸದ ತೋಳು, ಪಕ್ಕದ ಹಿತ್ತಾಳೆ ಚೊಂಬು, ಹಳೆಯ ಚಿತ್ರಗಳ ಕಂದು ಛಾಯೆ, ಎಲ್ಲವನ್ನೂ ವಿವರಿಸಿದೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತರಾದ ಸೆಲ್ವಮ್ಮ ಬಂದಾಗ, ನಾಗರಾಜಪ್ಪನವರ ಕೋರಿಕೆಯಂತೆ ಆಕೆಯನ್ನು ಹಾಗೆಯೇ ಕೂರಿಸಿದೆ. ಅಲ್ಲಾಡಬೇಡಿ ಎಂದಿದ್ದರೂ ಎಡಗೈಯ ಕಿರುಬೆರಳು ಅಲುಗಿ ಚಿತ್ರದಲ್ಲಿ ಮಸುಕಾಯಿತು. "ಫೋಟೊ ನಾನೇ ಅವರ ಮನೆಗೆ ಕೊಟ್ಟು ಬರ್ತೀನಿ" ಎಂದು ನಾಗರಾಜಪ್ಪ ಒಯ್ದರು.

ಕೆಲವು ತಿಂಗಳ ಬಳಿಕ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೊಸದಾಗಿ ತೆರೆದ ಹೋಟೆಲೊಂದರ ಗೋಡೆಯ ಮೇಲೆ ಸೆಲ್ವಮ್ಮನನ್ನು ಕಂಡೆ. ಕಂದುಗಟ್ಟಿದ ಚಿತ್ರ, ಗಂಧದ ಹಾರ, ಮುಂದೆ ಊದಿನಕಡ್ಡಿ. ಕೆಳಗೆ: 'ನಮ್ಮ ಮುತ್ತಜ್ಜಿ. ನೂರು ವರ್ಷದ ಕೈರುಚಿ.' ನನ್ನ ಕಣ್ಣೇ ತಪ್ಪಿರಲಿ ಎಂದು ಹಾರೈಸಿದೆ. ಆದರೆ ಮಸುಕಾದ ಆ ಕಿರುಬೆರಳು ಅಲ್ಲಿಯೂ ಇತ್ತು. ಹೋಟೆಲು ನಾಗರಾಜಪ್ಪನವರ ಅಳಿಯನದು.

"ನೀವೇ ಅಲ್ವಾ ಹೇಳ್ಕೊಟ್ಟಿದ್ದು?" ವಿಚಾರಿಸಿದಾಗ ನಾಗರಾಜಪ್ಪ ನಕ್ಕರು. "ತಾರೀಕು ಯಾರು ಕೇಳ್ತಾರೆ ಮಾರಾಯ್ರೆ, ಇಡ್ಲಿ ತಿಂದು ಹೋಗ್ತಾರೆ. ಹೊರಗಿಂದ ಬಂದೋರು ನೀವು, ಇದೆಲ್ಲ ಯಾಕೆ ನಿಮಗೆ?"

ಮರುದಿನ ಸೆಲ್ವಮ್ಮನನ್ನು ಕರೆದೊಯ್ದೆ. ಆಕೆ ತಲೆಯೆತ್ತಿ ನೋಡಿ ಗಲ್ಲದ ಮೇಲೆ ಕೈಯಿಟ್ಟರು.

"ಅಯ್ಯಯ್ಯೋ, ಜೀವ ಇರೋವಾಗ್ಲೇ ಹಾರ ಹಾಕ್ಬಿಟ್ಟಿದಾರಲ್ಲ! ದಿನಾ ಊದಿನಕಡ್ಡಿ ಹಚ್ಚೋ ಬದ್ಲು ಒಂದ್ ಪ್ಲೇಟ್ ಇಡ್ಲಿ ಕೊಡ್ರಪ್ಪ."

ಹೋಟೆಲೆಲ್ಲ ನಕ್ಕಿತು. ಆಕೆ ನನ್ನತ್ತ ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ. "ಅಲ್ಲಾಡ್ಬೇಡ ಅಂದ್ರಿ, ಉಸಿರು ಹಿಡ್ಕೊಂಡು ಕೂತೆ ಸಾರ್. ಇದಕ್ಕೇನಾ?"

ನನಗೆ ಗೊತ್ತಿರಲಿಲ್ಲ ಎಂದೆ. ಆಕೆ ನಂಬಿದರೋ ಇಲ್ಲವೋ, ಇಂದಿಗೂ ಹೇಳಲಾರೆ.

ಅಳಿಯ ಹಾರ ತೆಗೆದು ಚಿತ್ರವನ್ನು ಇಳಿಸಿಕೊಟ್ಟ. ಅದರ ಬೆನ್ನಿಗೆ ಸೆಲ್ವಮ್ಮನ ಹೆಸರು, ತೆಗೆದ ಸ್ಥಳ, ದಿನಾಂಕ ಬರೆದೆ. ಕೆಳಗೆ ನನ್ನ ಹೆಸರು, ಅದರ ಮುಂದೆ ಊರು ಬರೆಯುವುದು ಪದ್ಧತಿ. ಧಾರವಾಡದಲ್ಲಿ ನನ್ನದೆನ್ನುವ ಬಾಗಿಲಿಲ್ಲ. ಇಲ್ಲಿ ನಾಗರಾಜಪ್ಪ ತೆರೆದಿದ್ದ ಒಂದು ಬಾಗಿಲೊಳಗೆ ಇನ್ನು ಕಾಲಿಡಲಾರೆ.

ಸೆಲ್ವಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ನಿಮ್ಮೂರು ಬರೀಲಿಲ್ವಲ್ಲ ಸಾರ್?"

"ಅದಿನ್ನೂ ಖಚಿತವಾಗಿಲ್ಲಮ್ಮ" ಎಂದೆ.