ಸಾತಲಿಂಗಪ್ಪ ಸರ್ ಕೇಳಿದ ಆಣೆ

ಸೋಲಾಪುರದಲ್ಲಿ ಅಣ್ಣಂದಿರಿಬ್ಬರು ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಮೈ ಬೆಳೆಸುತ್ತಿದ್ದರೆ, ಸಾತಲಿಂಗಪ್ಪ ದಿನಾಲೂ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋಗಿ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ ವ್ಯಾಕರಣ ಮಾರುವವನು ಇವನೊಬ್ಬನೇ ಎಂದು ಅಣ್ಣಂದಿರು ನಗುತ್ತಿದ್ದರು. ನಗಲಿ. ಬಸ್‌ಸ್ಟ್ಯಾಂಡಿನ ಹಿಂದಿನ ಆ ಒಂದು ಖೋಲಿಯಲ್ಲಿ ಕಲಿತು ಇಂಗ್ಲಿಷಿನಲ್ಲಿ ನಪಾಸಾದವರು ಕಡಿಮೆ.

'ಟು' ಹಚ್ಚಬೇಕೋ 'ಇಂಗ್' ಹಚ್ಚಬೇಕೋ ಎಂಬಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ಅದಕ್ಕೆ ಸರ್ ಕ್ರಿಯಾಪದಗಳಿಗೆ ಎರಡು ಮನೆತನ ಮಾಡಿಟ್ಟಿದ್ದರು. ವಾಂಟ್, ಹೋಪ್, ಡಿಸೈಡ್ ಇವರೆಲ್ಲ 'ಟು' ಮನೆತನದವರು. ಎಂಜಾಯ್, ಫಿನಿಶ್, ಅವಾಯ್ಡ್ 'ಇಂಗ್' ಮನೆತನದವರು. ಸ್ಟಾಪ್, ಫರ್ಗೆಟ್, ರಿಮೆಂಬರ್ ಮಾತ್ರ ಮದುವೆಯಾದ ಹೆಣ್ಣುಮಕ್ಕಳು. ತವರಿಗೂ ಹೋಗುತ್ತಾರೆ, ಗಂಡನ ಮನೆಗೂ ಹೋಗುತ್ತಾರೆ, ಹೋದಲ್ಲಿ ನಡತೆ ಬೇರೆ. ಈ ಹೆಣ್ಣುಮಕ್ಕಳ ಮೇಲೆಯೇ ಸರ್ ವರ್ಷಕ್ಕೊಮ್ಮೆ ಇಪ್ಪತ್ತು ಅಂಕದ ಪರೀಕ್ಷೆ ಇಡುತ್ತಿದ್ದರು. ಹದಿನಾಲ್ಕು ದಾಟಿದವರಿರಲಿಲ್ಲ. ಅದರಲ್ಲಿ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತೆನ್ನಿ.

ಈ ವರ್ಷ ಕಾಜಲ ಇಪ್ಪತ್ತಕ್ಕೆ ಇಪ್ಪತ್ತು ತೆಗೆದಳು. ಕುರನೂರಿನ ಕುರಿ ಸಾಕುವ ಮನೆಯ ಹುಡುಗಿ, ಹನ್ನೆರಡನೆಯ ತರಗತಿ. ಹಣೆಗೆ ಬೀರೋಬನ ಭಂಡಾರ, ಅಂದರೆ ದೇವರ ಅರಿಸಿನ; ಚೀಲದಲ್ಲೂ ಅದರದೊಂದು ಪುಡಿಕೆ. ಬಾಯಲ್ಲಿ ಮಾತು ಕಡಿಮೆ. ಊರಿನ ಬಸ್ಸು ಬೇಗ ಬರುವುದರಿಂದ ಎಲ್ಲರಿಗಿಂತ ಮೊದಲು ಬಂದು ಖಾಲಿ ಖೋಲಿಯಲ್ಲಿ ಕೂಡುವವಳು ಅವಳೇ. ಉತ್ತರದ ಹಾಳೆ ಸರ್ ಮೇಜಿನ ಖಾನೆಯಲ್ಲಿತ್ತು, ಖಾನೆಗೆ ಕೀಲಿ ಇರಲಿಲ್ಲ. ಕದ್ದು ನೋಡಿದ್ದಾಳೆಂದು ಸರ್ ಅಷ್ಟಕ್ಕೇ ತೀರ್ಮಾನ ಮಾಡಿಬಿಟ್ಟರು.

ಮೂವತ್ತು ಮಕ್ಕಳ ಎದುರು ಅವಳನ್ನು ನಿಲ್ಲಿಸಿ ಕೇಳಿದರು. ನೋಡಿಲ್ಲ ಎಂದಳು. ಹಾಗಾದರೆ ಚೀಲದಲ್ಲಿರುವ ಭಂಡಾರದ ಪುಡಿಕೆ ಕೈಯಲ್ಲಿ ಹಿಡಿದು ಆಣೆ ಮಾಡು ಎಂದರು. ಹುಡುಗಿ ಚೀಲವನ್ನು ಎದೆಗೆ ಅವಚಿಕೊಂಡಳು.

"ಅದೊಂದು ಕೇಳಬ್ಯಾಡ್ರಿ ಸರ್."

"ಹಂಗಾರ ಕಾಪಿ ಮಾಡೀದಿ. ಖರೇ ಇದ್ದವರಿಗೆ ಆಣಿ ಮಾಡಾಕ ಅಂಜಿಕಿ ಯಾಕ?"

ಎದ್ದು ಹೋದ ಕಾಜಲ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅವಳು ಬೆಂಚಿನ ಮೇಲೆ ಬಿಟ್ಟುಹೋದ ಅಭ್ಯಾಸದ ವಹಿಯನ್ನು ಸರ್ ಸಿಟ್ಟಿನಲ್ಲಿ ಖಾನೆಗೆ ಎಸೆದಿದ್ದರು. ಹತ್ತು ದಿನದ ಮೇಲೆ ಸೀಮೆಸುಣ್ಣ ಹುಡುಕುವಾಗ ಅದು ಕೈಗೆ ಸಿಕ್ಕಿತು, ಸುಮ್ಮನೆ ತೆರೆದರು. ಪರೀಕ್ಷೆಗೆ ಎರಡು ತಿಂಗಳ ಹಿಂದಿನ ತಾರೀಖು. ಪುಟಪುಟಕ್ಕೂ ಇಂಗ್ಲಿಷ್ ವಾಕ್ಯ, ಕೆಳಗೆ ಅವಳ ಮನೆಮಾತು. ಕದಾ ಹಾಕಾಕ ಮರತೆ ಅಂದರೆ 'ಟು', ಕದಾ ಹಾಕಿದ್ದೇ ಮರತೆ ಅಂದರೆ 'ಇಂಗ್'. ಅಪ್ಪ ಚಹಾ ಕುಡಿಯಾಕ ನಿಂತ. ಅಪ್ಪ ಚಹಾ ಕುಡಿಯೋದು ನಿಲ್ಲಿಸಿದ. ಹೀಗೆ ಇನ್ನೂರು ವಾಕ್ಯ.

ಇಪ್ಪತ್ತೆರಡು ವರ್ಷ ಮನೆತನ, ಬೀಗತನ ಎಂದು ಒದ್ದಾಡಿದ ಸರ್‌ಗೆ ತಮ್ಮ ಬಾಯಲ್ಲೇ ಇದ್ದ ಈ ದಾರಿ ಹೊಳೆದಿರಲಿಲ್ಲ. ಕುರಿ ಹಿಂದೆ ಅಡ್ಡಾಡುವ ಹುಡುಗಿಗೆ ಹೊಳೆದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದವರು ಅವರೇ. ಆ ರಾತ್ರಿ ಊಟ ಸೇರಲಿಲ್ಲ. ನಾನು ಎಂಥ ಮೇಷ್ಟ್ರು ಎಂದು ನಾಚಿಕೆಯಾಯಿತು.

ರವಿವಾರ ಕುರನೂರಿಗೆ ಹೋದರು. ಕಾಜಲ ಕುರಿ ಬಿಟ್ಟುಕೊಂಡು ಹೋಗಿದ್ದಳು. ತಾಯಿ ಜನಾಬಾಯಿ ಕಂಬಳಿ ಹಾಸಿ ಕೂಡಿಸಿ ಚಹಾ ಕೊಟ್ಟಳು. ಒಂದೂ ಕೆಟ್ಟ ಮಾತಿಲ್ಲ; ಬೈದಿದ್ದರೆ ಹಗುರಾಗುತ್ತಿತ್ತು. ಸರ್ ತಪ್ಪು ಒಪ್ಪಿಕೊಂಡರು. ಒಪ್ಪಿಕೊಂಡು ಸುಮ್ಮನಿರಬೇಕೋ ಬೇಡವೋ? ತಪ್ಪಿಲ್ಲದ ಮೇಲೆ ಆಣೆ ಮಾಡಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತಲ್ಲ ಎಂದರು. ಅರ್ಧ ತಪ್ಪನ್ನು ಇನ್ನೂ ಹುಡುಗಿಯ ಕೊರಳಿಗೇ ಕಟ್ಟುವ ಆಸೆ.

"ನಮ್ಮ ಮನಿಯಾಗ ಭಂಡಾರ ಎತ್ತಿ ಆಣಿ ಮಾಡೂದಿಲ್ರಿ ಸರ್," ಎಂದಳು ಜನಾಬಾಯಿ. "ಖರೇ ಇದ್ದವರು ಎತ್ತಿದ್ರ, ಸುಳ್ಳ ಹೊರಿಸಿದವರ ಮನಿಗೆ ಅದರ ಶಾಪ ಹತ್ತತೈತಿ. ನಿಮ್ಮ ಮಗಳಿಗೆ ಏನರ ಆದೀತಂತ ಅಂಜಿ, ಸುಮ್ಮ ಎದ್ದ ಬಂದಾಳ."

ಸರ್ ಚಹಾದ ಬಟ್ಟಲು ಕೆಳಗಿಟ್ಟರು. ಒಬ್ಬಳೇ ಮಗಳು ಮಯೂರಿಯ ಸುದ್ದಿಯನ್ನು ಕ್ಲಾಸಿನಲ್ಲಿ ದಿನಾ ಹೇಳುತ್ತಿದ್ದವರು ಅವರೇ. ಸೋಮವಾರ ಹುಡುಗಿಯನ್ನು ಕಳಿಸಿರಿ ಎಂದು ಕೈ ಮುಗಿದು ಎದ್ದರು.

ಕಾಜಲ ಬಂದಳು. ಸರ್ ಅದೇ ಮೂವತ್ತು ಮಕ್ಕಳ ಎದುರು ನಿಂತು, ಇವಳು ಕಾಪಿ ಮಾಡಿಲ್ಲ, ತಪ್ಪು ನನ್ನದು ಎಂದರು. ಅವಳ ವಹಿ ಓದಿ ತೋರಿಸಿ, ಅವಳ ರೀತಿಯಲ್ಲೇ ಪಾಠ ಮಾಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗಿಯೂ ತಲೆ ತಗ್ಗಿಸಿ ನಕ್ಕಳು. ಎದೆಯ ಭಾರ ಇಳಿಯಿತು ಎಂದುಕೊಂಡರು ಸರ್.

ಶನಿವಾರ ವಾರದ ಪರೀಕ್ಷೆ ಇತ್ತು. ಹಾಳೆ ಹಂಚಿ ಮುಗಿಯುವಷ್ಟರಲ್ಲಿ ಕಾಜಲ ಎದ್ದು, ಚೀಲವನ್ನು ಬಾಗಿಲ ಹೊರಗಿಟ್ಟು ಬಂದು, ಸರ್ ಮೇಜಿನ ಎದುರು ನೆಲದ ಮೇಲೆ ಕೂತಳು. ನಿನ್ನ ಜಾಗಕ್ಕೆ ಹೋಗು ಎಂದರು ಸರ್.

"ಇಲ್ಲೇ ಬರೀತೀನ್ರಿ ಸರ್. ನಿಮ್ಮ ಕಣ್ಣ ಮುಂದ ಇದ್ದರ ಚಲೋ."

ದನಿಯಲ್ಲಿ ಕೊಂಕು ಇರಲಿಲ್ಲ. ಬೋರ್ಡಿನ ಪರೀಕ್ಷೆ ಬರುವವರೆಗೆ ಪ್ರತಿ ಶನಿವಾರ ಅವಳು ಅಲ್ಲೇ ಕೂತು ಬರೆದಳು, ಎರಡೂ ಕೈ ಅವರಿಗೆ ಕಾಣುವಂತೆ. ಆ ಒಂದು ತಾಸು ಸರ್ ಎತ್ತ ನೋಡಬೇಕೆಂದು ತಿಳಿಯದೆ ಕೂತಿರುತ್ತಿದ್ದರು.