ಹನಮಸಾಗರ ಸರ್ ಹಾಕಿಸಿದ ಜೋಡಿ ಬೀಗ

ಹನಮಸಾಗರ ಸರ್ ಒಂದು ಕಪ್ ಚಹಾವನ್ನು ಎಂದೂ ಒಂದೇ ಕೋಣೆಯಲ್ಲಿ ಕುಡಿದು ಮುಗಿಸಿದವರಲ್ಲ. ದಾದರ್‌ನ ಅವರ ಆಫೀಸಿನಲ್ಲಿ ಎರಡು ಕೋಣೆಗಳಿದ್ದವು. ಜಗಳವಾಡಿಕೊಂಡ ವ್ಯಾಪಾರಿಗಳಲ್ಲಿ ಒಬ್ಬ ಇಲ್ಲಿ, ಇನ್ನೊಬ್ಬ ಅಲ್ಲಿ. ಸರ್ ಕಪ್ ಹಿಡಿದು ನಡುವೆ ಓಡಾಡುತ್ತ ಅರ್ಧ ಇವನೆದುರು, ಅರ್ಧ ಅವನೆದುರು ಕುಡಿಯುತ್ತಿದ್ದರು.

"ಪೂರಾ ಒಬ್ಬನ ಕಡೆ ಕುಡದ್ರ, ಆ ಕಡಿಯಂವಾ ನನ್ನ ಇವನ ಮನಿ ಮಂದಿ ಅಂತಾನ, ತಂಗಿ" ಎನ್ನುತ್ತಿದ್ದರು. ತಂಗಿ ಎಂದರೆ ನಾನು. ಮಾಟುಂಗದಲ್ಲಿ ಬೆಳೆದು, ಕಾನೂನು ಓದಿ, ಅವರ ಬಳಿ ಜೂನಿಯರ್ ಆಗಿ ಸೇರಿದವಳು.

ಕೋರ್ಟಿನ ವಕಾಲತ್ತನ್ನು ಅವರು ಎಂದೋ ಬಿಟ್ಟಿದ್ದರು. ವ್ಯಾಪಾರದ ತಕರಾರುಗಳಲ್ಲಿ ರಾಜಿ ಮಾಡಿಸುವುದು, ರಾಜಿಯಾಗದಿದ್ದರೆ ಇಬ್ಬರೂ ಒಪ್ಪಿದ ಆರ್ಬಿಟ್ರೇಟರ್ ಆಗಿ ಕೂತು ತೀರ್ಪು ಕೊಡುವುದು, ಇವೆರಡೇ ಕೆಲಸ. ಕೋಣೆ ಬೇರೆ ಮಾಡುವ ಮೊದಲು, ರಾಜಿಗೆ ಬಂದ ಇಬ್ಬರನ್ನೂ ಎದುರೆದುರು ಕೂರಿಸಿ ಒಂದು ವಿಚಿತ್ರ ಕಟ್ಟಳೆ ಹಾಕುತ್ತಿದ್ದರು: ಮೊದಲು ಎದುರಾಳಿಯ ದೂರನ್ನು ನೀನು ಹೇಳು. ಒಮ್ಮೆ ಹೋಟೆಲಿನ ಪಾಲುದಾರರಿಬ್ಬರು ಬಂದರು, ಇಬ್ಬರೂ ನಮ್ಮ ಮನೆಯವರ ಹಾಗೆ ಕರಾವಳಿ ಕಡೆಯ ಶೆಟ್ಟರು. ಹೋಟೆಲಿನ ಹೆಸರು ಯಾರಿಗೆ ಉಳಿಯಬೇಕೆಂಬ ಜಗಳ.

"ಅವನ ಪರವಾಗಿ ನಾನು ಮಾತಾಡುದಾ? ಎಂಥ ವಕೀಲರು ಮಾರಾಯ್ರೆ ನೀವು!" ಎಂದು ದೊಡ್ಡ ಶೆಟ್ಟರು ಎದ್ದೇ ನಿಂತರು.

"ಮಾತಾಡ್ರಿ. ಅವರು ಹೌದು ಅಂತ ಗೋಣ ಹಾಕೋತನಕ ಮಾತಾಡ್ರಿ."

ಗೊಣಗುತ್ತಲೇ ಶುರುಮಾಡಿದ ದೊಡ್ಡ ಶೆಟ್ಟರು ಒಂದು ಹಂತದಲ್ಲಿ ಆವೇಶ ಬಂದವರಂತೆ ತಮ್ಮನ್ನೇ ಬೈದುಕೊಂಡರು. ಸಣ್ಣ ಶೆಟ್ಟರು ಬಾಯಿ ತೆರೆದು ಕೇಳಿ, "ಇಷ್ಟು ಚಂದ ಹೇಳ್ಲಿಕ್ಕೆ ನನಗೇ ಬರುದಿಲ್ಲ" ಎಂದರು. ಸರ್ ನಗಲಿಲ್ಲ. ಆಗಲೇ ಕಪ್ ಹಿಡಿದು ಎದ್ದಿದ್ದರು.

ಅವರ ಇನ್ನೊಂದು ಪದ್ಧತಿ ಜೋಡಿ ಬೀಗ. ತಕರಾರಿನಲ್ಲಿರುವ ಮಾಲನ್ನು ಒಬ್ಬರ ಕೈಗೆ ಕೊಟ್ಟರೆ ಇನ್ನೊಬ್ಬರಿಗೆ ಸಂಶಯ. ಅದಕ್ಕೆ ಬಾಗಿಲಿಗೆ ಎರಡು ಬೀಗ, ಒಬ್ಬೊಬ್ಬರಿಗೆ ಒಂದೊಂದು ಕೀಲಿ, ತೆರೆಯುವುದು ಸರ್ ಎದುರಿಗೇ. "ಇಬ್ಬರಿಗೂ ನಂಬಿಕಿ ಇಲ್ಲಂದ್ರ ಬೀಗನ ನಂಬಲಿ" ಎನ್ನುತ್ತಿದ್ದರು. ಬಟ್ಟೆ ಗೋದಾಮುಗಳಲ್ಲಿ, ಔಷಧಿಯ ದಾಸ್ತಾನಿನಲ್ಲಿ ಇದು ಎಂದೂ ಕೈಕೊಟ್ಟಿರಲಿಲ್ಲ.

ಇಲ್ಲಿಯವರೆಗೆ ಬರೆದು, ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಿ ಬಂದೆ. ಆರಿಸಿದ್ದೆ. ಈಗೀಗ ಹೀಗೇ.

ಆಂಟಾಪ್ ಹಿಲ್ ಕಡೆಯ ಒಂದು ಐಸ್ ಫ್ಯಾಕ್ಟರಿಯ ಕೇಸು. ಯಂತ್ರವೇ ಸರಿಯಿಲ್ಲ ಎಂದು ಮಾಲೀಕ ಸೇಠ್. ನಡೆಸಿ ಕೆಡಿಸಿದ್ದಾರೆ ಎಂದು ಅದನ್ನು ಕೂರಿಸಿಕೊಟ್ಟ ಕಾಂಟ್ರಾಕ್ಟರ್ ಪಾಟೀಲ್. ನಾವು ಹೋಗಿ ಪರಿಶೀಲಿಸುವವರೆಗೆ ಯಾರೂ ಯಂತ್ರ ಮುಟ್ಟಬಾರದೆಂದು ಸರ್ ಆದೇಶ ಕೊಟ್ಟು, ಯಂತ್ರದ ಸುತ್ತಲಿನ ಜಾಲರಿ ಬಾಗಿಲಿಗೆ ಜೋಡಿ ಬೀಗ ಹಾಕಿಸಿದ್ದರು. ಯಂತ್ರ ನಿಂತಿತ್ತು. ಐಸ್ ಕಟ್ಟಿಸುವ ಅಮೋನಿಯಾ ಗ್ಯಾಸು ಮಾತ್ರ ಪೈಪಿನೊಳಗೇ ಇತ್ತು.

ಪರಿಶೀಲನೆಯ ದಿನ ದೀಪ ಹಾಕಲು ಆಪರೇಟರ್ ಬಸವರಾಜ ಮೊದಲು ಯಂತ್ರದ ಕೋಣೆಯೊಳಗೆ ಹೋದ. ವಿಜಯಪುರದ ಕಡೆಯವನು. ನಾವೆಲ್ಲ ಕೋಣೆಯ ಬಾಗಿಲಲ್ಲಿದ್ದೆವು. ಸುಯ್ ಎಂಬ ಸದ್ದು. ಮರುಕ್ಷಣ ಮೂಗಿಗೆ ಸೂಜಿ ಚುಚ್ಚಿದ ಹಾಗೆ. ಮುಚ್ಚಬೇಕಾದ ವಾಲ್ವ್ ಇದ್ದದ್ದು ಬೀಗ ಹಾಕಿದ ಜಾಲರಿಯ ಆಚೆಗೆ. ಬಸವರಾಜ ಓಡಿ ಹೊರಬರಬಹುದಿತ್ತು. ಗೋಡೆಗೆ ಹತ್ತಿಕೊಂಡೇ ಚಾಳಿನ ಮನೆಗಳ ಸಾಲು, ಅಲ್ಲಿ ಮಕ್ಕಳು ಆಡುತ್ತಿದ್ದರು. ಕೀಲಿ ಈಗ ಬರುತ್ತದೆ ಎಂದು ಅವನು ಜಾಲರಿ ಹಿಡಿದು ನಿಂತ.

"ಕೀಲಿ ಕೊಡ್ರೀ! ಲಗೂನ ಕೊಡ್ರೀ!"

ಸೇಠ್ ಜೇಬಿನ ಮೇಲೆ ಕೈಯಿಟ್ಟು, "ಪೆಹಲೇ ಪಾಟೀಲ್ ಖೋಲೇಗಾ" ಎಂದರು. "ಮೈ ಕ್ಯೂಂ? ಫಿರ್ ಬೋಲೇಂಗೇ ಲೀಕೇಜ್ ಮೇರಾ ಹೈ" ಎಂದರು ಪಾಟೀಲ್. ಮೊದಲು ಬೀಗ ತೆಗೆದವನು ತಪ್ಪು ಒಪ್ಪಿಕೊಂಡಂತೆ ಎಂದು ಇಬ್ಬರ ತಲೆಯಲ್ಲೂ ಕೂತಿತ್ತು. ಸೇಠರ ವಕೀಲರಂತೂ ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡೇ, ನಮ್ಮ ಹಕ್ಕಿಗೆ ಬಾಧೆ ಬಾರದಂತೆ ತೆರೆಯುತ್ತಿದ್ದೇವೆಂದು ಮೊದಲು ಬರೆದುಕೊಳ್ಳಿ ಮೇಡಮ್ ಎಂದರು.

"ಆದೇಶ ರದ್ದು! ತಗೀರಿ!" ಸರ್ ಕೂಗಿದರು. ಇಬ್ಬರೂ ಅವರ ಮುಖವನ್ನಲ್ಲ, ನನ್ನ ಪೆನ್ನನ್ನು ನೋಡಿದರು.

"ಕಣ್ಣ ಕಾಣವಲ್ಲವು..." ಒಳಗಿನ ದನಿ ಕುಗ್ಗಿತು.

ಸರ್ ನನ್ನ ಕೈಯ ಪ್ಯಾಡ್ ಕಸಿದು ಎಸೆದರು. ಪಕ್ಷಗಾರರಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳದ ಮನುಷ್ಯ ಸೇಠರ ಅಂಗಿಯ ಜೇಬಿಗೆ ಕೈ ಹಾಕಿ, ಜೇಬು ಹರಿಯುವ ಹಾಗೆ ಕೀಲಿ ಕಿತ್ತುಕೊಂಡರು. ಅದನ್ನು ನೋಡಿ ಪಾಟೀಲ್ ತಾವೇ ಕೀಲಿ ಎಸೆದರು. "ಸರ್, ಬೇಡ ಮಾರಾಯ್ರೆ, ಬನ್ನಿ!" ಎಂದು ನಾನು ಕಿರುಚುವಷ್ಟರಲ್ಲಿ ಅವರು ಒಳಗಿದ್ದರು. ಮೊದಲ ಬೀಗ ತೆರೆದ ಸದ್ದು ಕೇಳಿಸಿತು. ಎರಡನೆಯದು ಕೇಳಿಸಲಿಲ್ಲ. ಆ ಖಾಲಿ ಹೊತ್ತಿನಲ್ಲಿ ನಾನು ಈಗಲೂ ನಿಂತಿದ್ದೇನೆ. ಆಮೇಲೆ ಎರಡನೆಯ ಬೀಗ, ಅದರ ಹಿಂದೆಯೇ ವಾಲ್ವ್ ತಿರುಗಿದ ಕಿರುಗುಟ್ಟುವಿಕೆ. ಬಸವರಾಜನ ತೋಳು ಹಿಡಿದು ಎಳೆಯುತ್ತ ಸರ್ ಬಂದರು.

ಬಸವರಾಜ ಬದುಕಿದ. ಕಣ್ಣು ತಿಳಿಯಾಗಲು ಬಹಳ ದಿನ ಹಿಡಿಯಿತು, ದನಿ ಒಡೆದೇ ಉಳಿಯಿತು. ಸರ್ ಆ ಕೇಸಿನಿಂದ ಹಿಂದೆ ಸರಿದರು. ತಮಾಷೆಯೆಂದರೆ ಸೇಠ್, ಪಾಟೀಲ್ ಇಬ್ಬರೂ ಮೊದಲ ಬಾರಿಗೆ ಒಟ್ಟಾಗಿ ಬಂದು, ನೀವೇ ಇರಿ ಎಂದು ಗೋಗರೆದರು.

"ನಾ ಈಗ ಸಾಕ್ಷಿ ಆಗೀನ್ರಿ. ಸಾಕ್ಷಿದಾರ ತೀರ್ಪು ಬರ್ಯಾಂಗಿಲ್ಲ."

ಹೊಸ ಆರ್ಬಿಟ್ರೇಟರ್ ಎದುರು ಅವರೇ ಹೋಗಿ ಸಾಕ್ಷಿಯ ಕುರ್ಚಿಯಲ್ಲಿ ಕೂತರು. ಕೀಲಿ ಕೊಡಲು ಮೊದಲು ತಡ ಮಾಡಿದವರು ಯಾರು ಎಂದು ಪಾಟೀಲರ ವಕೀಲರು ಕೇಳಿದರು. ಸೇಠರ ಹೆಸರು ಬರಲೆಂದು ಕಾದಿದ್ದರು. "ಮೊದಲು ನಾನು. ಬೀಗ ಹಾಕಿಸಿದ ದಿನವೇ ತಡವಾಗಿತ್ತು" ಎಂದರು ಸರ್.

ಕೊನೆಯ ಸಲ ಅವರನ್ನು ನೋಡಿದ್ದು ಮಾಟುಂಗದ ಅವರ ಮನೆಯಲ್ಲಿ. ಹತ್ತು ಹೆಜ್ಜೆ ನಡೆದರೆ ಏದುಸಿರು. ಹೃದಯ ಮೊದಲೇ ದುರ್ಬಲವಾಗಿತ್ತೆಂದು ಡಾಕ್ಟರು ಹೇಳಿದ್ದರು, ನಾನು ನಂಬಲಿಲ್ಲ. ಅಪಾಯ ಬಂದಾಗ ಬೀಗ ತೆರೆಯುವ ಬಗ್ಗೆ, ಇನ್ನು ಮುಂದೆ ಬೀಗದ ಆದೇಶಗಳಲ್ಲೆಲ್ಲ ಸೇರಿಸಬೇಕಾದ ಒಂದು ವಾಕ್ಯ ಹೇಳಿ ಬರೆಸಲು ಕರೆದಿದ್ದರು.

"'ಅಪಾಯ ಖಚಿತವಾದಲ್ಲಿ ಪಕ್ಷಗಾರರು...' ಬ್ಯಾಡ, ಹೊಡದ್ಹಾಕು. ಖಚಿತ ಮಾಡ್ಕೊಳ್ಳೂದ್ರಾಗ ಒಳಗಿನಂವಾ ಸಾಯ್ತಾನ. 'ವಾಸನೆ ಬಂದ ಕೂಡಲೇ' ಅಂತ ಬರಿ. 'ಪಕ್ಷಗಾರರು' ತಗಿ. ಬಸವರಾಜ ಪಕ್ಷಗಾರ ಆಗಿದ್ನೇನು? 'ಯಾರೇ ಆಗಲಿ' ಅನ್ನು."

"ಎಲ್ಲ ಕಡೆ ವಾಸನೆ ಬರುದಿಲ್ಲ ಅಲ್ವಾ ಸರ್? ಕರೆಂಟ್ ಇರಬಹುದು, ಗೋಡೆ ಕುಸೀಬಹುದು" ಎಂದೆ.

"ಹೌದಲಾ!" ಎಂದು ಖುಷಿಯಿಂದ ಎದ್ದವರು ಕಿಟಕಿಯವರೆಗೂ ಹೋಗಲಾಗದೆ ಮತ್ತೆ ಕೂತರು. ಬಹಳ ಹೊತ್ತು ಉಸಿರು ಹುಡುಕಿದರು. "ನೀನಽ ವಿಚಾರ ಮಾಡು ತಂಗಿ. ನನಗ ಹೊಳೀವಲ್ದು."

ಆ ವಾರವೇ ಹೋಗಿಬಿಟ್ಟರು. ವಾಕ್ಯ ನನ್ನ ಬಳಿ ಅರ್ಧವೇ ಇದೆ. ಯಾವುದೋ ಗೋದಾಮಿಗೆ ಬೀಗ ಹಾಕಿಸುವ ಕರಡು ಬರೆಯಲು ಕೂತಾಗ 'ಯಾರೇ ಆಗಲಿ' ಎಂಬಲ್ಲಿಗೆ ಬಂದು ಪೆನ್ನು ನಿಲ್ಲುತ್ತದೆ. ಮುಂದಿನ ಪದ ಹುಡುಕುತ್ತೇನೆ. ಒಳಗಿನಿಂದ ಒಬ್ಬ ಕೀಲಿ ಕೇಳುತ್ತಲೇ ಇರುತ್ತಾನೆ.